ಮಳೆ ಪುಸ್ತಕದ ಎರಡು ಸಾಲು

ಹಾಸನ
8 ಸೆಪ್ಟೆಂಬರ್ 2024

ಅಪ್ಪಾಜಿ,

ನಾನು ಲೀಲಾ. ಫೋನ್ ಮಾಡಿದರೆ ನೀವು ಹಲೋ ಕೂಡ ಅನ್ನದೆ ಅಮ್ಮನ ಕೈಗೆ ಕೊಡುತ್ತೀರಿ. ಕಾಗದವನ್ನು ಹಾಗೆ ಕೊಡಲು ನಿಮ್ಮಿಂದ ಆಗುವುದಿಲ್ಲ ಎಂದು ನನಗೆ ಗೊತ್ತು. ಕಾಫಿ ತೋಟದ ಲೆಕ್ಕ ಬರೆಯುವ ರೈಟರ್ ನೀವು, ತೋಟಕ್ಕೆ ಬಂದ ಯಾವ ಕಾಗದವನ್ನೂ ಓದದೆ ಬಿಟ್ಟವರಲ್ಲ. ಗೊಬ್ಬರದ ಚೀಲದ ಮೇಲೆ ಅಚ್ಚಾದದ್ದನ್ನೂ ಪೂರ್ತಿ ಓದುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕಾಲೇಜು ಬಿಟ್ಟದ್ದು ಫೇಲಾಗುವ ಭಯದಿಂದಲ್ಲ. ಯಾರೂ ನನ್ನ ತಲೆ ಕೆಡಿಸಲಿಲ್ಲ. ಸುಮನಾ ಮೇಡಂ ಕೂಡ ‘ಪರೀಕ್ಷೆ ಮುಗಿಸ್ಕೊಂಡು ಬಾ, ಆಟ ಎಲ್ಲಿಗೂ ಓಡಿ ಹೋಗಲ್ಲ’ ಎಂದೇ ಹೇಳಿದ್ದರು. ಹೈಸ್ಕೂಲಿನಲ್ಲಿ ನಮಗೆ ಕಬಡ್ಡಿ ಆಡಿಸುತ್ತಿದ್ದರಲ್ಲ, ಅವರೇ. ಈಗ ಹಾಸನದಲ್ಲಿ ಹೊಸ ಆಟವೊಂದನ್ನು ಕಲಿಸುತ್ತಾರೆ. ನನಗೆ ಬೆಂಚಿನ ಮೇಲೆ ಕೂರಲು ಆಗುತ್ತಿರಲಿಲ್ಲ. ಒಂದನೇ ಕ್ಲಾಸಿನಿಂದಲೂ ಎಲ್ಲರಿಗಿಂತ ಎತ್ತರ, ಕೊನೆಯ ಬೆಂಚು, ಗೋಡೆಯ ಪಕ್ಕ. ಜೊತೆಯ ಮಕ್ಕಳು ನನ್ನನ್ನು ಅಕ್ಕಾ ಎಂದೇ ಕರೆಯುತ್ತಿದ್ದರು. ಆಗಸ್ಟಿನ ಒಂದು ಮಧ್ಯಾಹ್ನ ಪಾಠ ನಡೆಯುತ್ತಿದ್ದಾಗ ಎದ್ದು ಹೊರಗೆ ಬಂದೆ, ಮತ್ತೆ ಒಳಗೆ ಹೋಗಲಿಲ್ಲ. ಇದಕ್ಕಿಂತ ಒಳ್ಳೆಯ ಕಾರಣ ಹುಡುಕಿದೆ, ಸಿಗಲಿಲ್ಲ.

ನೀವು ಅಂದದ್ದು ನೆನಪಿದೆ. ‘ಇನ್ನು ಈ ಮನೆ ಮೆಟ್ಲು ಹತ್ತೋದಾದ್ರೆ ಪಿಯುಸಿ ಪಾಸಾದ ಕಾರ್ಡ್ ಹಿಡ್ಕಂಡು ಹತ್ತು.’ ಅದಕ್ಕೇ ಬಂದಿಲ್ಲ.

ಇಲ್ಲಿ ಮೂವರು ಹುಡುಗಿಯರ ಜೊತೆ ಒಂದು ರೂಮಿನಲ್ಲಿದ್ದೇನೆ. ಹಗಲು ಬೇಕರಿಯಲ್ಲಿ ಕೆಲಸ, ಬೆಳಿಗ್ಗೆ ಸಂಜೆ ಆಟ. ಆಟದ ಹೆಸರು ಫೂಟಿ. ಆಸ್ಟ್ರೇಲಿಯಾದವರ ಫುಟ್‌ಬಾಲ್. ನೀವು ಟಿವಿಯಲ್ಲಿ ನೋಡಿರುವ ಫುಟ್‌ಬಾಲ್ ಅಲ್ಲ. ಚೆಂಡು ದುಂಡಗಿಲ್ಲ, ನಮ್ಮ ತೋಟದ ಬೆಣ್ಣೆಹಣ್ಣಿನ ಹಾಗೆ ಉದ್ದಕ್ಕಿದೆ. ಕಾಲಿನಲ್ಲಿ ಒದೆಯಬಹುದು, ಕೈಯಲ್ಲಿ ಹಿಡಿದು ಓಡಬಹುದು, ಎಸೆಯುವ ಹಾಗಿಲ್ಲ. ಕೊಡಬೇಕಾದರೆ ಮುಷ್ಟಿಯಿಂದ ಗುದ್ದಿ ಕೊಡಬೇಕು. ಎರಡೂ ಕೊನೆಯಲ್ಲಿ ನಾಲ್ಕು ನಾಲ್ಕು ಕಂಬ, ತೋಟದಲ್ಲಿ ಸಿಲ್ವರ್ ಓಕ್ ಮರ ಸಾಲಾಗಿ ನಿಂತ ಹಾಗೆ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ ಗೋಲು, ಆರು ಪಾಯಿಂಟ್. ಗುರಿ ತಪ್ಪಿ ಎತ್ತರದ ಕಂಬಕ್ಕೂ ಪಕ್ಕದ ಗಿಡ್ಡ ಕಂಬಕ್ಕೂ ನಡುವೆ ಹೋದರೂ ಒಂದು ಪಾಯಿಂಟ್ ಕೊಡುತ್ತಾರೆ.

ಎಲ್ಲಕ್ಕಿಂತ ಮುಖ್ಯ, ಎತ್ತರದಲ್ಲಿ ಬರುವ ಚೆಂಡನ್ನು ನೆಲಕ್ಕೆ ಬೀಳದ ಹಾಗೆ ಹಿಡಿಯುವುದು. ಅದಕ್ಕೆ ಮಾರ್ಕ್ ಅನ್ನುತ್ತಾರೆ. ಹಿಡಿದವಳಿಗೆ ಯಾರ ಅಡ್ಡಿಯೂ ಇಲ್ಲದೆ ಒದೆಯಲು ಬಿಡಬೇಕು. ಮೊದಲ ದಿನ ನಾನು ಹನ್ನೆರಡಕ್ಕೆ ಹನ್ನೊಂದು ಹಿಡಿದೆ. ಮೇಡಂ ‘ಎಲ್ಲಿ ಕಲಿತೆ?’ ಎಂದರು. ನಮ್ಮ ರಂಗಸ್ವಾಮಿ ಮರ ಹತ್ತಿ ಬೆಣ್ಣೆಹಣ್ಣು ಕಿತ್ತು ಎಸೆಯುವುದು, ನಾನು ಕೆಳಗೆ ನಿಂತು ಹಿಡಿಯುವುದು, ಅವನು ಮೇಲಿಂದ ‘ಹಿಡಿಯೇ ಲೀಲಾ, ಜಜ್ಜಿ ಹೋದ್ರೆ ರೈಟರ್ ನನ್ನ ಮರದ ಮ್ಯಾಲೇ ಬುಟ್ಟೋಯ್ತಾರೆ’ ಎಂದು ಕೂಗುವುದು, ಎಲ್ಲ ಹೇಳಿದೆ. ಹಣ್ಣು ಕೈಗೆ ತಾಕಿದ ಕೂಡಲೇ ಕೈಯನ್ನು ಎದೆಯ ಕಡೆಗೆ ಎಳೆದುಕೊಳ್ಳಬೇಕು ಎಂದು ಕಲಿಸಿದವರು ನೀವು. ಅದನ್ನೂ ಹೇಳಿದೆ.

ನಿಮ್ಮ ಮಗಳು
ಶಿವಲೀಲಾ

•

ಹಾಸನ
20 ಅಕ್ಟೋಬರ್ 2024

ಅಪ್ಪಾಜಿ,

ಉತ್ತರ ಬರಲಿಲ್ಲ. ಬರುತ್ತದೆ ಎಂದು ಕಾದಿದ್ದೆ. ಕಾದಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ರಾಷ್ಟ್ರೀಯ ಪಂದ್ಯಕ್ಕೆ ಕರ್ನಾಟಕ ತಂಡದಲ್ಲಿ ಹೋಗಿದ್ದೆ. ಮೂರು ದಿನದ ರೈಲು, ಮೂರು ದಿನದ ಆಟ. ಸೆಮಿಫೈನಲ್‌ನಲ್ಲಿ ಸೋತೆವು. ಕೊನೆಯ ನಿಮಿಷದಲ್ಲಿ ನಾನು ಚೆಂಡನ್ನು ತಪ್ಪು ಹುಡುಗಿಗೆ ಗುದ್ದಿದೆ, ಸೋಲಿನಲ್ಲಿ ನನ್ನ ಪಾಲೂ ಇದೆ. ಆದರೆ ಮೂರು ಪಂದ್ಯಗಳಲ್ಲಿ ಇಪ್ಪತ್ತೊಂದು ಮಾರ್ಕ್ ಹಿಡಿದೆ. ಅಷ್ಟು ಯಾರೂ ಹಿಡಿದಿರಲಿಲ್ಲ.

ಅದನ್ನು ನೋಡಿ ಭಾರತದ ಕಿರಿಯರ ತಂಡದ ಕ್ಯಾಂಪಿಗೆ ಕರೆದಿದ್ದಾರೆ. ಹದಿನೆಂಟು ತುಂಬದ ಹುಡುಗಿಯರ ತಂಡ. ನವೆಂಬರಿನಲ್ಲಿ ಮೈಸೂರಿನಲ್ಲಿ ಕ್ಯಾಂಪು, ಆಯ್ಕೆಯಾದರೆ ಫೆಬ್ರವರಿಯಲ್ಲಿ ಮೆಲ್ಬೋರ್ನ್. ಸುದ್ದಿ ಬಂದಾಗ ಬೇಕರಿಯಲ್ಲಿ ಬನ್ನು ಜೋಡಿಸುತ್ತಿದ್ದೆ. ಓನರು ‘ಏನಮ್ಮ, ಬನ್ನೆಲ್ಲಾ ತಲೆಕೆಳಗಾಗಿ ಇಟ್ಟಿದ್ದೀಯಲ್ಲ’ ಎಂದಾಗಲೇ ನನಗೆ ಗೊತ್ತಾದದ್ದು.

ನನ್ನ ಎಸ್ಸೆಸ್ಸೆಲ್ಸಿ ಕಾರ್ಡ್ ಬೇಕಂತೆ. ಬೀರುವಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಇದೆ. ಕಳುಹಿಸಿಕೊಡಿ.

ಕಾಯುತ್ತಿರುವ
ಲೀಲಾ

•

ಬೆಳಗೋಡು
4 ನವೆಂಬರ್ 2024

ಶಿವಲೀಲಾಳಿಗೆ,

ಕಾಗದ ಎರಡೂ ಬಂದಿವೆ. ಅಕ್ಟೋಬರ್ ಮಳೆ ಒಟ್ಟು 7 ಇಂಚು 35 ಸೆಂಟ್ಸ್. ಅರೇಬಿಕಾ ಹಣ್ಣು ಉದುರುತ್ತಿದೆ. ಕೊಯ್ಲಿಗೆ ಆಳು ಸಾಲದು. ನಿನ್ನ ಅಮ್ಮ ಆರೋಗ್ಯವಾಗಿದ್ದಾಳೆ. ಕೇಳಿದ ಕಾರ್ಡ್ ಜೊತೆಗಿದೆ. ಮಡಚಬೇಡ.

ರುದ್ರಯ್ಯ

ಆಟದ ನಿಯಮ ಓದಿದೆ. ಗುರಿ ತಪ್ಪಿದವರಿಗೂ ಒಂದು ಪಾಯಿಂಟ್ ಏಕೆ ಕೊಡುತ್ತಾರೆಂದು ತಿಳಿಯಲಿಲ್ಲ.

•

ಮೈಸೂರು
24 ನವೆಂಬರ್ 2024

ಅಪ್ಪಾಜಿ,

ನಿಮ್ಮ ಕಾಗದವನ್ನು ಸೂಟ್‌ಕೇಸಿನ ತಳದಲ್ಲಿ ಇಟ್ಟಿದ್ದೇನೆ. ನಿಮ್ಮ ಪ್ರಶ್ನೆಯನ್ನು ಸುಮನಾ ಮೇಡಂಗೆ ಫೋನ್ ಮಾಡಿ ಕೇಳಿದೆ. ಕಂಬದ ಹತ್ತಿರದವರೆಗೆ ತಂದದ್ದಕ್ಕೆ ಕೊಡುತ್ತಾರಂತೆ.

ಇನ್ನೊಂದು ವಿಷಯ ಬರೆಯಬೇಕು. ನಾಲ್ಕು ದಿನದಿಂದ ಬರೆದು ಹರಿಯುತ್ತಿದ್ದೇನೆ.

ಇಲ್ಲಿ ಒಂದು ಫಾರಂ ತುಂಬಬೇಕು. ಹುಟ್ಟಿದ ತಾರೀಖು ಬರೆದು, ‘ಮೇಲಿನದೆಲ್ಲ ನಿಜ’ ಎಂಬ ಸಾಲಿನ ಕೆಳಗೆ ಸಹಿ. ಕಾರ್ಡಿನಲ್ಲಿ 1 ಜೂನ್ 2007 ಇದೆ. ಆದರೆ ನಾನು ಹುಟ್ಟಿದ್ದು ಹೆಗ್ಗದ್ದೆಯ ಹಳೇ ತೋಟದ ಲೈನ್ ಮನೆಯಲ್ಲಿ, 2005ರ ಮಾರ್ಚಿನಲ್ಲಿ, ಕಾಫಿ ಹೂ ಅರಳಿಸುವ ಹೂಮಳೆ ಬಂದ ದಿನ ಎಂದು ಅಮ್ಮ ಎಷ್ಟೋ ಸಲ ಹೇಳಿದ್ದಾಳೆ. ಸ್ಕೂಲಿನಲ್ಲಿ ಎರಡು ವರ್ಷ ಕಡಿಮೆ ಬರೆಸಿದ್ದೀರಿ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಉಪ್ಪಿನ ಡಬ್ಬಿ ಎಲ್ಲಿದೆ ಎಂಬ ಹಾಗೆ. ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

ಇಲ್ಲಿ ಕುಂದೂರಿನ ಒಬ್ಬ ಹುಡುಗಿ ಇದ್ದಾಳೆ, ರಶ್ಮಿತಾ. ಹದಿನಾರು. ನನ್ನ ಜಾಗಕ್ಕೇ ಆಡುವವಳು. ಮೊನ್ನೆ ಪ್ರಾಕ್ಟೀಸಿನಲ್ಲಿ ಇಬ್ಬರೂ ಒಂದೇ ಚೆಂಡಿಗೆ ಹಾರಿದೆವು. ಈ ಆಟದಲ್ಲಿ ಎದುರಾಳಿಯ ಬೆನ್ನು ಹತ್ತಿಯಾದರೂ ಚೆಂಡು ಹಿಡಿಯಬಹುದು. ನನ್ನ ಮೊಣಕಾಲು ಅವಳ ಬೆನ್ನಿಗೆ ಊರಿತು, ಚೆಂಡು ನನಗೆ ಸಿಕ್ಕಿತು. ಅವಳು ನೆಲದಿಂದ ಎದ್ದು, ಬೆನ್ನು ಒತ್ತಿಕೊಂಡು, ಕೋಪವಿಲ್ಲದೆ ಕೇಳಿದಳು: ‘ಅಕ್ಕಾ, ನಿಮ್ಗೆ ನಿಜವಾಗ್ಲೂ ಹದ್ನೇಳಾ?’

ನಾನು ಚೆಂಡನ್ನು ಅವಳ ಕೈಗೆ ಕೊಟ್ಟು ಸಾಲಿನ ಹಿಂದಕ್ಕೆ ಹೋದೆ.

ನಾಲ್ಕನೇ ಕ್ಲಾಸಿನಲ್ಲಿದ್ದಾಗಿನ ಮಾತು ನೆನಪಿದೆಯಾ? ಮಳೆ ಅಳೆಯುವ ಡಬ್ಬಿಯನ್ನು ಎಡವಿ ಚೆಲ್ಲಿದೆ. ನೀವು ಬೈಯುತ್ತೀರೆಂದು ನಿಮ್ಮ ಮಳೆ ಪುಸ್ತಕದಲ್ಲಿ ನಾನೇ 60 ಸೆಂಟ್ಸ್, ಅಂದರೆ ಅರ್ಧ ಇಂಚಿಗೂ ಮೇಲೆ, ಎಂದು ಬರೆದುಬಿಟ್ಟೆ. ನೀವು ಹೊಡೆಯಲಿಲ್ಲ, ಬೈಯಲಿಲ್ಲ. ಅದನ್ನು ಹೊಡೆದುಹಾಕಿ ‘ಗೊತ್ತಿಲ್ದಿದ್ರೆ ಖಾಲಿ ಬುಡು ಮಗಾ. ಖಾಲಿ ಜಾಗ ಯಾರ್ಗೂ ಮೋಸ ಮಾಡಲ್ಲ’ ಎಂದಿರಿ. ಪುಸ್ತಕದಲ್ಲಿ ಆ ದಿನದ ಜಾಗ ಇವತ್ತಿಗೂ ಖಾಲಿ ಇರಬೇಕು.

ಹಾಗೆ ಹೇಳಿದವರು ನನ್ನ ತಾರೀಖನ್ನು ಯಾಕೆ ಹಾಗೆ ಬರೆಸಿದಿರಿ ಎಂದು ನನಗೆ ಅರ್ಥವಾಗುತ್ತಿಲ್ಲ. ನಿಮ್ಮನ್ನು ತಪ್ಪು ಹಿಡಿಯುವುದಕ್ಕೆ ಕೇಳುತ್ತಿಲ್ಲ. ನಿಜ ಹೇಳಿದರೆ ಈ ತಂಡದಲ್ಲಿ ನನಗೆ ಜಾಗವಿಲ್ಲ. ಜೊತೆಗೆ, ಸುಳ್ಳು ಬರೆಸಿದವರು ರೈಟರ್ ರುದ್ರಯ್ಯ ಎಂದೂ ಹೇಳಬೇಕಾಗುತ್ತದೆ.

ಫಾರಂ ಕೊಡಲು ಡಿಸೆಂಬರ್ ಹತ್ತು ಕೊನೆ. ಅಲ್ಲಿಯವರೆಗೆ ನಿಮ್ಮ ಕಾಗದಕ್ಕೆ ಕಾಯುತ್ತೇನೆ.

ಲೀಲಾ

•

ಹಾಸನ
12 ಡಿಸೆಂಬರ್ 2024

ಅಪ್ಪಾಜಿ,

ಹೇಳಿಬಿಟ್ಟೆ.

ಹತ್ತನೇ ತಾರೀಖು ಸಂಜೆಯವರೆಗೆ ಪೋಸ್ಟಿನವನ ದಾರಿ ನೋಡಿದೆ. ಆಮೇಲೆ ತಾರೀಖಿನ ಜಾಗವನ್ನು ಖಾಲಿ ಬಿಟ್ಟು ಫಾರಂ ಕೊಟ್ಟೆ. ಕ್ಯಾಂಪಿನ ಮ್ಯಾನೇಜರ್ ‘ಇದೇನಮ್ಮ, ಮರೆತಿದ್ದೀಯಾ?’ ಎಂದರು. ಮರೆತಿಲ್ಲ ಸಾರ್, ಕಾರ್ಡಿನಲ್ಲಿರುವುದು ಸರಿಯಿಲ್ಲ, ನನಗೆ ಹತ್ತೊಂಬತ್ತು ಎಂದೆ. ಅವರು ಸುತ್ತ ನೋಡಿ ಮೆಲ್ಲಗೆ ‘ಕಾರ್ಡಲ್ಲಿ ಹದಿನೇಳು ಅಂತಿದೆ. ನಿನ್ನ ಯಾರಾದ್ರೂ ಕೇಳಿದ್ರಾ?’ ಎಂದರು. ರಶ್ಮಿತಾ ಕೇಳಿದಳು ಎಂದೆ.

ಮರುದಿನ ಬಸ್ ಹತ್ತಿಸಿದರು. ಸುಮನಾ ಮೇಡಂ ಹಾಸನದ ಬಸ್‌ಸ್ಟ್ಯಾಂಡಿಗೆ ಬಂದಿದ್ದರು. ನನ್ನ ಚೀಲ ತೆಗೆದುಕೊಂಡು ಮುಂದೆ ನಡೆದರು. ಹೋಟೆಲಿನಲ್ಲಿ ದೋಸೆ ಮುಗಿದ ಮೇಲೆ ‘ಮಾರ್ಚಲ್ಲಿ ದೊಡ್ಡವರ ತಂಡಕ್ಕೆ ಆಯ್ಕೆ ಇದೆ. ಅಲ್ಲಿ ಇಪ್ಪತ್ತೈದು, ಇಪ್ಪತ್ತೆಂಟು ವರ್ಷದ ಹೆಂಗಸರು ಆಡ್ತಾರೆ. ನಿನ್ನನ್ನ ಎತ್ತಿ ಹಾಕ್ತಾರೆ. ಬರ್ತೀಯಾ?’ ಎಂದರು. ಬರುತ್ತೇನೆ ಎಂದೆ. ಆದರೆ ಅದಕ್ಕೆ ಪಾಸ್‌ಪೋರ್ಟ್ ಬೇಕು, ಅದರಲ್ಲಿ ಸರಿಯಾದ ತಾರೀಖು ಬೇಕು, ಅದಕ್ಕೆ ಜನನ ಪತ್ರ ಬೇಕು. ಸರ್ಕಾರದ ಯಾವ ಪುಸ್ತಕದಲ್ಲೂ ನಾನು ಹುಟ್ಟಿಯೇ ಇಲ್ಲವಲ್ಲ. ಸಕಲೇಶಪುರದ ಅಸಿಸ್ಟೆಂಟ್ ಕಮಿಷನರ್ ಇದ್ದಾರಲ್ಲ, ಆ ಎ.ಸಿ. ಆಫೀಸಿನಿಂದ ಆದೇಶ ತರಬೇಕಂತೆ. ಹೆತ್ತವರು ಹೋಗಿ ಪ್ರಮಾಣ ಮಾಡಿ ಹೇಳಬೇಕಂತೆ, ಸಾಕ್ಷಿ ಕೊಡಬೇಕಂತೆ.

ನನ್ನ ಜಾಗಕ್ಕೆ ರಶ್ಮಿತಾಳನ್ನು ತೆಗೆದುಕೊಂಡರು. ಹೊರಡುವಾಗ ಅವಳು ಗೇಟಿನವರೆಗೆ ಬಂದು ಅತ್ತಳು. ನನ್ನ ಬೂಟು ಅವಳ ಕಾಲಿಗೆ ಸರಿಹೋಗುತ್ತಿತ್ತು, ಕೊಟ್ಟುಬಂದೆ.

ಕೋಪದಿಂದ ಬರೆಯುತ್ತಿಲ್ಲ. ಇಲ್ಲ, ಇದು ಸುಳ್ಳು. ಕೋಪವಿದೆ. ಆದರೆ ನಿಮ್ಮನ್ನು ಎ.ಸಿ. ಆಫೀಸಿಗೆ ಹೋಗಿ ಎಂದು ನಾನು ಕೇಳುವುದಿಲ್ಲ. ಬೆಳಗೋಡಿನಲ್ಲಿ ‘ರೈಟರ್ ಬರ್ದವ್ರೆ’ ಅಂದರೆ ಮಾತು ಮುಗಿಯಿತು. ಅದು ನನಗೆ ಗೊತ್ತು.

ಲೀಲಾ

•

ಬೆಳಗೋಡು
19 ಜನವರಿ 2025

ಮಗಳು ಲೀಲಾಗೆ ಅಮ್ಮ ಬಸಮ್ಮ ಬರೆಯುವುದು.

ನಾನು ಬರೆದದ್ದು ಅಪ್ಪಾಜಿಗೆ ಗೊತ್ತಿಲ್ಲ. ನಿನ್ನ ಡಿಸೆಂಬರಿನ ಕಾಗದ ಬಂದ ದಿನದಿಂದ ಅವರು ಮಾತು ಬಿಟ್ಟರು. ಊಟ ಬಿಡಲಿಲ್ಲ, ಹೆದರಬೇಡ.

ಸಂಕ್ರಾಂತಿಗೆ ಮೊದಲು ಒಂದು ದಿನ ಬೆಳಿಗ್ಗೆ ಎದ್ದು ಮಳೆ ಅಳೆಯುವ ಡಬ್ಬಿ ನೋಡಿ ಬಂದರು. ಮಳೆ ಇಲ್ಲದ ಕಾಲದಲ್ಲೂ ನೋಡುತ್ತಾರೆ, ನಿನಗೆ ಗೊತ್ತಲ್ಲ. ಬಂದವರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೆಗ್ಗದ್ದೆ ಬಸ್ಸು ಹತ್ತಿದರು. ಅಲ್ಲಿ ತೋಟದ ಯಜಮಾನರಾದ ಶಾಂತಮಲ್ಲಪ್ಪ ಸಾಹುಕಾರರ ಹಳೇ ಸ್ಟೋರಿನಲ್ಲಿ ದಿನವೆಲ್ಲ ಹುಡುಕಿ ಏನೋ ಒಂದು ಹಳೇ ಪುಸ್ತಕ ತಂದರು. ಗೆದ್ದಲು ತಿಂದು ಒಂದು ಅಂಚೇ ಇಲ್ಲ. ಮಾರನೇ ದಿನ ನಿನ್ನನ್ನು ಹೆರಿಗೆ ಮಾಡಿಸಿದ ಈರಮ್ಮನನ್ನೂ ನನ್ನನ್ನೂ ಕರೆದುಕೊಂಡು ಸಕಲೇಶಪುರಕ್ಕೆ ಹೋದರು.

ಈರಮ್ಮನಿಗೆ ಕಿವಿ ಮಂದ. ಎ.ಸಿ. ಸಾಹೇಬರು ‘ಮಗು ಹುಟ್ಟಿದ್ದು ನೋಡಿದ್ರಾ?’ ಎಂದು ಕೇಳಿದರು. ‘ನೋಡದೇನು ಸ್ವಾಮಿ, ಕೈಯಾಗೆ ಹಿಡಿದೋಳೇ ನಾನು. ನಿಮ್ ಮೀಸೆಗಿಂತ ಜಾಸ್ತಿ ಕೂದ್ಲಿತ್ತು ಅದ್ರ ತಲೇಲಿ’ ಎಂದಳು. ಆಫೀಸೆಲ್ಲ ನಕ್ಕಿತು. ಆಮೇಲೆ ಸಾಹೇಬರು ಅಪ್ಪಾಜಿಯ ಕಡೆ ತಿರುಗಿದರು. ‘ಹಂಗಾದ್ರೆ ಸ್ಕೂಲಲ್ಲಿ ಸುಳ್ಳು ಬರೆಸಿದ್ದು ಯಾರು?’

ಬೆಳಗೋಡಿನವರೇ ನಾಲ್ಕು ಜನ ಪಹಣಿ ಕೆಲಸಕ್ಕೆ ಬಂದು ಅಲ್ಲಿ ನಿಂತಿದ್ದರು. ಅಪ್ಪಾಜಿ ಎದ್ದು ನಿಂತು, ‘ನಾನೇ ಸ್ವಾಮಿ. ಅವಳ್ದು ಏನೂ ತಪ್ಪಿಲ್ಲ’ ಎಂದರು. ಧ್ವನಿ ಸಣ್ಣದು ಮಾಡಲಿಲ್ಲ.

ಬಸ್ಸಿನಲ್ಲಿ ನಾನು ‘ಹೋಗ್ಲಿ ಬುಡಿ’ ಎಂದೆ. ‘ಏನ್ ಬುಡೋದೈತೆ ಇದ್ರಾಗೆ, ಸರಿಯಾಯ್ತಲ್ಲ’ ಎಂದರು.

ನೀನು ಸೆಟೆದುಕೊಂಡು ಕೂತಿದ್ದು ಸಾಕು. ನೀನೂ ಅವರೂ ಒಂದೇ ಮರದ ಕೊರಡು. ಅಲ್ಲಿ ಹೊಟ್ಟೆ ತುಂಬ ತಿನ್ನುತ್ತೀಯಾ ಇಲ್ಲವಾ ಬರಿ.

ಅಮ್ಮ

•

ಬೆಳಗೋಡು
2 ಫೆಬ್ರವರಿ 2025

ಲೀಲಾ,

ಜನವರಿ ಮಳೆ ಸೊನ್ನೆ. ರೊಬಸ್ಟಾ ಕೊಯ್ಲು ಅರ್ಧ ಆಗಿದೆ.

ಆದೇಶ ಬಂತು. ಜನನ ಪತ್ರ ಜೊತೆಗಿದೆ. 28 ಮಾರ್ಚ್ 2005. ಶಾಲೆಯ ದಾಖಲೆ ಮತ್ತು ಆಧಾರ್ ತಿದ್ದಲು ಅರ್ಜಿ ಹಾಕಿದ್ದೇನೆ.

ನಿನ್ನ ನವೆಂಬರಿನ ಕಾಗದಕ್ಕೆ ನಾನು ಹತ್ತನೇ ತಾರೀಖಿನೊಳಗೆ ಉತ್ತರ ಬರೆಯಲಿಲ್ಲ. ಕಾಗದ ತಡವಾಗಿ ಬರಲಿಲ್ಲ, ಸಮಯಕ್ಕೆ ಬಂದಿತ್ತು. ನಾನು ಬರೆಯಲಿಲ್ಲ.

ಕೇಳಿದ್ದಕ್ಕೆ ಈಗ ಹೇಳುತ್ತೇನೆ. ಹೆಗ್ಗದ್ದೆಯ ತೋಟದಿಂದ ಶಾಲೆಗೆ ಏಳು ಕಿಲೋಮೀಟರ್ ಕಾಡಿನ ದಾರಿ. ಆ ಎರಡು ವರ್ಷ ಆನೆ ಕಾಟ ಹೆಚ್ಚಿತ್ತು. ಕಳುಹಿಸಲಿಲ್ಲ. ಈ ತೋಟಕ್ಕೆ ಬಂದ ಮೇಲೆ 2013ರ ಜೂನ್‌ನಲ್ಲಿ ಸೇರಿಸಲು ಹೋದೆ. ನಿನಗೆ ಎಂಟು ತುಂಬಿತ್ತು. ಮೇಷ್ಟ್ರು ವಯಸ್ಸು ಕೇಳಿದರು. ರೈಟರ್ ಮಗಳು ಎಂಟು ವರ್ಷಕ್ಕೆ ಒಂದನೇ ಕ್ಲಾಸಾ ಎಂದು ಯಾರೂ ಅನ್ನಲಿಲ್ಲ. ಅನ್ನುತ್ತಾರೆ ಎಂದು ನಾನೇ ಅಂದುಕೊಂಡೆ. ಆರು ಎಂದೆ. ತಾರೀಖು ಕೇಳಿದರು. ಜೂನ್ ಒಂದು ಎಂದೆ. ಶಾಲೆ ಶುರುವಾಗುವ ತಿಂಗಳು, ಅದೇ ಬಾಯಿಗೆ ಬಂತು. ಮೇಷ್ಟ್ರು ನನ್ನ ಮಾತು ನಂಬಿ ಬರೆದುಕೊಂಡರು. ತಾರೀಖಿನ ಆ ಜಾಗವನ್ನು ಖಾಲಿ ಬಿಡಬೇಕಿತ್ತು.

ನೀನು ಬೆಂಚಿನಲ್ಲಿ ಕೂರಲು ಆಗಲಿಲ್ಲ ಎಂದು ಬರೆದಿದ್ದೆ. ನಿನಗಿಂತ ಎರಡು ವರ್ಷ ಚಿಕ್ಕವರ ಬೆಂಚಿನಲ್ಲಿ ನಿನ್ನನ್ನು ಹನ್ನೊಂದು ವರ್ಷ ಕೂರಿಸಿದವನು ನಾನು. ಅದನ್ನು ಯೋಚಿಸಿದ್ದೇನೆ.

ಎ.ಸಿ. ಸಾಹೇಬರು ಲಿಖಿತ ಸಾಕ್ಷಿ ಕೇಳಿದರು. 2005ರ ಮಳೆ ಪುಸ್ತಕ ಸಿಕ್ಕಿತು. ನೀನು ಹುಟ್ಟಿದ್ದು ಬೆಳಿಗ್ಗೆ ಆರೂವರೆಗೆ. ಎಂಟು ಗಂಟೆಗೆ ನಾನು ಎಂದಿನಂತೆ ಮಳೆ ಅಳೆಯಲು ಹೋಗಿದ್ದೆ. ಮಗು ಹುಟ್ಟಿದ ದಿನವೂ ಡಬ್ಬಿ ನೋಡಲು ಹೋದ ಗಂಡಸು ಎಂದು ನಿನ್ನ ಅಮ್ಮ ಇಪ್ಪತ್ತು ವರ್ಷದಿಂದ ಅನ್ನುತ್ತಿದ್ದಾಳೆ. ಆ ದಿನದ ಪುಟದ ನಕಲು ಇಟ್ಟಿದ್ದೇನೆ. ಮಳೆ ಬಿಟ್ಟು ಬೇರೆ ವಿಷಯವನ್ನು ಆ ಪುಸ್ತಕದಲ್ಲಿ ಬರೆಯುವ ಹಾಗಿಲ್ಲ. ಬರೆದಿದ್ದೆ.

ರುದ್ರಯ್ಯ

(ನಕಲು: 28-3-05. ಸೋಮವಾರ. 1 ಇಂಚು 15 ಸೆಂಟ್ಸ್. ಹೂಮಳೆ, ಎಲ್ಲ ಬ್ಲಾಕಿಗೂ ಆಯಿತು. ಹೆಣ್ಣು ಮಗು.)

•

ಹಾಸನ
30 ಮಾರ್ಚ್ 2025

ಅಪ್ಪಾಜಿ,

ನಕಲನ್ನು ಗೋಡೆಗೆ ಅಂಟಿಸಿದ್ದೇನೆ. ರೂಮಿನ ಹುಡುಗಿಯರು ಬಂದವರಿಗೆಲ್ಲ ಓದಿ ಹೇಳುತ್ತಾರೆ. ‘ಎಲ್ಲ ಬ್ಲಾಕಿಗೂ ಆಯಿತು, ಹೆಣ್ಣು ಮಗು’ ಎಂದು ಬಾಯಿಪಾಠ ಮಾಡಿದ್ದಾರೆ.

ಮೊನ್ನೆ ನನಗೆ ಇಪ್ಪತ್ತು ತುಂಬಿತು. ಆ ತಾರೀಖಿಗೆ ಹುಟ್ಟುಹಬ್ಬ ಮಾಡಿಕೊಂಡದ್ದು ಇದೇ ಮೊದಲು. ಮರುದಿನವೇ ದೊಡ್ಡವರ ತಂಡದ ಆಯ್ಕೆ ಇತ್ತು.

ಮೇಡಂ ಹೇಳಿದ ಹಾಗೆಯೇ ಆಯಿತು. ಮೊದಲ ಅರ್ಧ ಗಂಟೆ ನನ್ನನ್ನು ಎತ್ತಿ ಹಾಕಿದರು. ಪೊಲೀಸ್ ಕೆಲಸದಲ್ಲಿರುವ ಒಬ್ಬ ಆಟಗಾರ್ತಿ, ನನಗಿಂತ ಒಂದು ಗೇಣು ಎತ್ತರ, ಮೂರು ಸಲ ನೆಲಕ್ಕೆ ಕೆಡವಿದಳು. ಮೂರನೇ ಸಲ ‘ಏಳಮ್ಮ ಪಾಪು’ ಎಂದಳು. ನನ್ನ ಜೀವನದಲ್ಲಿ ಯಾರೂ ನನ್ನನ್ನು ಪಾಪು ಎಂದಿರಲಿಲ್ಲ ಅಪ್ಪಾಜಿ. ನಗು ಬಂದುಬಿಟ್ಟಿತು. ಎಲ್ಲರಿಗಿಂತ ಚಿಕ್ಕವಳಾಗಿ ಆಡುವುದು ಎಷ್ಟು ಹಗುರ ಎಂದು ನನಗೆ ಗೊತ್ತೇ ಇರಲಿಲ್ಲ.

ಆಮೇಲೆ ಒಂದು ಚೆಂಡು ಬಂತು. ತುಂಬ ಎತ್ತರ, ಸೂರ್ಯನ ಕಡೆಯಿಂದ. ಇಬ್ಬರೂ ಹಾರಿದೆವು. ಅವಳ ಭುಜ ನನ್ನ ಎದೆಗೆ ಬಡಿಯಿತು. ಕೈ ಮಾತ್ರ ತನ್ನಷ್ಟಕ್ಕೆ ತಾನೇ ಹಣ್ಣು ಹಿಡಿದ ಹಾಗೆ ಹಿಡಿದು ಎದೆಗೆ ಎಳೆದುಕೊಂಡಿತು. ಬಿದ್ದ ಮೇಲೆ ನೋಡಿದರೆ ಚೆಂಡು ನನ್ನ ಹತ್ತಿರ ಇತ್ತು. ಆ ಆಟಗಾರ್ತಿ ಎಬ್ಬಿಸಿ ನಿಲ್ಲಿಸಿ, ‘ಯಾವೂರೇ ನಿಂದು?’ ಎಂದಳು. ಹೆಗ್ಗದ್ದೇಲಿ ಹುಟ್ಟಿದ್ದು, ಬೆಳಗೋಡಲ್ಲಿ ಬೆಳೆದದ್ದು ಎಂದೆ.

ಇಪ್ಪತ್ತೆರಡು ಜನರಲ್ಲಿ ನನ್ನ ಹೆಸರು ಇಪ್ಪತ್ತೊಂದನೆಯದು. ಆದರೆ ಇದೆ. ಆಗಸ್ಟಿನಲ್ಲಿ ಮೆಲ್ಬೋರ್ನ್.

ಪಾಸಾದ ಕಾರ್ಡ್ ನನ್ನ ಹತ್ತಿರ ಇನ್ನೂ ಇಲ್ಲ. ಪರೀಕ್ಷೆ ಕಟ್ಟುತ್ತೇನೆ ಎಂದು ಬರೆದರೆ ನಿಮಗೆ ಸಂತೋಷವಾಗುತ್ತದೆ. ಮನಸ್ಸಿಲ್ಲ, ಆದ್ದರಿಂದ ಬರೆಯುವುದಿಲ್ಲ.

ನಿಮ್ಮ ಇಪ್ಪತ್ತು ವರ್ಷದ ಮಗಳು
ಲೀಲಾ

•

ಮೆಲ್ಬೋರ್ನ್
17 ಆಗಸ್ಟ್ 2025

ಅಪ್ಪಾಜಿ,

ಈ ಕಾಗದ ನಿಮಗೆ ತಲುಪುವಾಗ ನಾನು ಹಾಸನದಲ್ಲಿರುತ್ತೇನೆ. ಆದರೂ ಇಲ್ಲಿಂದಲೇ ಬರೆಯಬೇಕು ಅನ್ನಿಸಿತು.

ಇಲ್ಲಿ ಈಗ ಚಳಿಗಾಲ. ಹುಲ್ಲು ಎಷ್ಟು ಹಸಿರೆಂದರೆ ಕಾಲಿಡಲು ಸಂಕೋಚವಾಗುತ್ತದೆ. ಇನ್ನೂ ಶಾಲೆಗೆ ಸೇರದ ಪುಟ್ಟ ಮಕ್ಕಳೂ ಚೆಂಡನ್ನು ನಮಗಿಂತ ಚೆನ್ನಾಗಿ ಒದೆಯುತ್ತವೆ. ಮೂರು ಪಂದ್ಯ ಆಡಿದೆವು. ಎರಡು ಸೋತೆವು, ಒಂದು ಗೆದ್ದೆವು.

ಗೆದ್ದ ಪಂದ್ಯ ಇಲ್ಲಿನ ಒಂದು ಊರಿನ ಹೆಂಗಸರ ಕ್ಲಬ್ಬಿನ ಮೇಲೆ. ನನ್ನನ್ನು ಕೊನೆಯ ಹನ್ನೊಂದು ನಿಮಿಷ ಇಳಿಸಿದರು. ಮೂರು ಮಾರ್ಕ್ ಹಿಡಿದೆ, ಒಂದು ಕೈಬಿಟ್ಟೆ. ಮೊದಲ ಸಲ ಕಂಬಗಳ ಎದುರು ನಿಂತಾಗ ಅವಸರದಲ್ಲಿ ಒದ್ದೆ, ಚೆಂಡು ಪಕ್ಕಕ್ಕೆ ಹೋಯಿತು, ಒಂದೇ ಪಾಯಿಂಟ್. ಎರಡನೇ ಸಲ ಚೆಂಡನ್ನು ನೇರವಾಗಿ ಹಿಡಿದು, ಕಂಬಗಳ ಹಿಂದಿದ್ದ ಒಂದು ಮರ ನೋಡಿಕೊಂಡು ಒದ್ದೆ. ಗೋಲು. ಕಂಬದ ಹತ್ತಿರ ನಿಲ್ಲುವ ಅಂಪೈರು ಎರಡೂ ಕೈಯ ಬೆರಳನ್ನು ಮುಂದಕ್ಕೆ ಚಾಚಿ ತೋರಿಸಿದರು, ಆಮೇಲೆ ಎರಡು ಬಿಳಿ ಬಾವುಟ ಬೀಸಿದರು. ನಾನು ಓಡಲಿಲ್ಲ, ಕುಣಿಯಲಿಲ್ಲ. ನಿಂತು ನೋಡುತ್ತಿದ್ದೆ. ಪೊಲೀಸ್ ಅಕ್ಕ ಬಂದು ಹಿಂದಿನಿಂದ ಎತ್ತಿಕೊಂಡಳು.

ನಾವು ಗೆದ್ದದ್ದು ಹದಿನೆಂಟು ಪಾಯಿಂಟಿನಿಂದ. ನನ್ನ ಏಳು ಇಲ್ಲದಿದ್ದರೂ ಗೆಲ್ಲುತ್ತಿದ್ದೆವು. ಗೆಲ್ಲಿಸಿದವಳು ನಾನೇ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೂ ಇವತ್ತು ನನಗೆ ನನ್ನ ಮೇಲೆ ತುಂಬಾ ಹೆಮ್ಮೆ. ಅದನ್ನು ಮುಚ್ಚಿಡುವುದೂ ಸುಳ್ಳೇ ಅಲ್ಲವಾ.

ಜರ್ಸಿಯ ಹಿಂದೆ ನನ್ನ ಹೆಸರಿತ್ತು: ಶಿವಲೀಲಾ ರುದ್ರಯ್ಯ. ಅಷ್ಟುದ್ದ ಹಿಡಿಸುವುದಿಲ್ಲ, ಒಂದನ್ನು ಬಿಡು ಎಂದರು. ಬಿಡುವುದಿಲ್ಲ ಎಂದೆ. ಅಕ್ಷರ ಸಣ್ಣದು ಮಾಡಿದರು.

ರಾತ್ರಿ ಮಳೆ ಬಂದಿತ್ತು. ಎಷ್ಟು ಎಂದು ಅಳೆದಿಲ್ಲ. ಆದ್ದರಿಂದ ಆ ಜಾಗ ಖಾಲಿ.

ಲೀಲಾ

•

ಬೆಳಗೋಡು
1 ಸೆಪ್ಟೆಂಬರ್ 2025

ಲೀಲಾ,

ಕಾಗದ ಬಂತು. ಆಗಸ್ಟ್ ಮಳೆ 24 ಇಂಚು 70 ಸೆಂಟ್ಸ್.

ಪಂಚಾಯ್ತಿ ಮೆಂಬರ್ ರಾಜಶೇಖರ್ ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ಫ್ಲೆಕ್ಸ್ ಕಟ್ಟಿಸಿದ್ದಾನೆ. ಫೋಟೋ ಚೆನ್ನಾಗಿದೆ. ಕೆಳಗೆ ‘ವಿಶ್ವಕಪ್ ಗೆದ್ದ ನಮ್ಮೂರ ಹೆಮ್ಮೆಯ ಬಾಲಕಿ’ ಎಂದು ಹಾಕಿಸಿದ್ದ. ಅದು ವಿಶ್ವಕಪ್ ಅಲ್ಲ, ನೀನು ಬಾಲಕಿಯೂ ಅಲ್ಲ. ತಿದ್ದಿಸು ಎಂದು ಹೇಳಿದೆ. ‘ಇರ್ಲಿ ಬುಡಿ ರೈಟ್ರೇ, ಯಾರು ನೋಡ್ತಾರೆ’ ಎಂದ. ಮೆಣಸು ಕೊಯ್ಯುವ ಏಣಿಯನ್ನು ರಂಗಸ್ವಾಮಿ ಹಿಡಿದುಕೊಂಡ. ನಾನು ಹತ್ತಿ, ಕಾಫಿ ಚೀಲಕ್ಕೆ ಗುರುತು ಹಾಕುವ ಬಣ್ಣದಲ್ಲಿ ಆ ಎರಡನ್ನೂ ಹೊಡೆದುಹಾಕಿ, ಮೇಲೆ ‘ಭಾರತ ತಂಡ. ಪಂದ್ಯ ಮೂರು, ಗೆಲುವು ಒಂದು. ವಯಸ್ಸು 20’ ಎಂದು ಬರೆದೆ. ಬಸ್ಸಿಗೆ ಕಾದಿದ್ದವರೆಲ್ಲ ನಕ್ಕರು. ರಂಗಸ್ವಾಮಿ ಕೆಳಗಿನಿಂದ ‘ಏನ್ ಮಾರಾಯ್ರೇ, ಮಗ್ಳನ್ನ ಇಳಿಸಿಬುಟ್ರಲ್ಲ’ ಎಂದ. ಇಳಿಸಿಲ್ಲ, ಇರುವಷ್ಟೇ ಬರೆದಿದ್ದೇನೆ, ಅಷ್ಟೇ ಸಾಕಷ್ಟಿದೆ ಎಂದೆ.

‘ಹೆಮ್ಮೆಯ’ ಎಂಬ ಮಾತನ್ನು ಮುಟ್ಟಲಿಲ್ಲ. ಅದು ಸರಿಯಿತ್ತು.

ಮನೆಗೆ ಬಾ. ಆ ದಿನ ಕಾರ್ಡ್ ಹಿಡಿದುಕೊಂಡು ಮೆಟ್ಟಿಲು ಹತ್ತು ಎಂದಿದ್ದೆ. ಏನನ್ನೂ ಹಿಡಿದುಕೊಂಡು ಬರಬೇಕಾಗಿಲ್ಲ. ಬೆಣ್ಣೆಹಣ್ಣು ಮರದಲ್ಲೇ ಬಿಟ್ಟಿದ್ದೇವೆ.

ಮಳೆ ಪುಸ್ತಕದಲ್ಲಿ ಬೇರೆ ವಿಷಯ ಬರೆಯುವ ಹಾಗಿಲ್ಲ. ಈ ಸಲವೂ ಬರೆದಿದ್ದೇನೆ. ನಿನ್ನ ಕಾಗದ ಓದಿ, ಆ ದಿನದ ಸಾಲನ್ನು ಹುಡುಕಿ ಸೇರಿಸಿದೆ. ತಾಳೆ ನೋಡು:

17-8-25. ಭಾನುವಾರ. 85 ಸೆಂಟ್ಸ್. ಮಗಳು ಮೆಲ್ಬೋರ್ನ್‌ನಲ್ಲಿ ಗೋಲು ಒಂದು. ಗುರಿ ತಪ್ಪಿದ್ದು ಒಂದು, ಅದಕ್ಕೂ ಪಾಯಿಂಟ್ ಇದೆ.

ಬಂದ ದಿನದಿಂದ ಬೆಳಿಗ್ಗೆ ಎಂಟಕ್ಕೆ ಡಬ್ಬಿ ನೋಡಲು ನೀನು ಹೋಗು. ಏಣಿ ಹತ್ತಿದ್ದರಿಂದ ನನ್ನ ಮಂಡಿ ಹಿಡಿದುಕೊಂಡಿದೆ.

ನಿನ್ನ ಅಪ್ಪಾಜಿ
ರುದ್ರಯ್ಯ